ಪದಪರಿಚಯ: ‘ಸ್ಯಾಲರಿ’

‘ಸ್ಯಾಲರಿ’ ಎಂಬ ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಸಲಾರಿಯಂ’. ಅದರ ಬೇರು ‘ಸಾಲ್’, ಎಂದರೆ ಉಪ್ಪು. ರೋಮಿನ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಡುತ್ತಿದ್ದರೆಂಬ ಪ್ರಸಿದ್ಧ ಕಥೆಗೆ ಮಾತ್ರ ಪ್ರಾಚೀನ ಆಧಾರವಿಲ್ಲ. ನಮ್ಮ ‘ಸಂಬಳ’ವೂ ಅಡಿಗೆಮನೆಗೆ ದೂರವಾದುದಲ್ಲ, ಸಂಸ್ಕೃತದಲ್ಲಿ ‘ಶಂಬಲ’ವೆಂದರೆ ದಾರಿಯ ಬುತ್ತಿ.

ಈ ಪದಕ್ಕೆ ಪರ್ಯಾಯಗಳು ಹಲವುಂಟು. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲದು. ತಿಂಗಳಿಗೆ ಇಷ್ಟೆಂದು ಗೊತ್ತುಪಡಿಸಿದ್ದು ‘ಸ್ಯಾಲರಿ’. ದಿನದ ಅಥವಾ ಗಂಟೆಯ ಲೆಕ್ಕದಲ್ಲಿ ಬರುವ ಕೂಲಿ ‘ವೇಜಸ್’. ವಕೀಲರಿಗೂ ವೈದ್ಯರಿಗೂ ತೆರುವುದು ‘ಫೀ’. ತರಬೇತಿಯಲ್ಲಿರುವವರ ನಿರ್ವಾಹಕ್ಕೆ ಕೊಡುವುದು ‘ಸ್ಟೈಪೆಂಡ್’. ‘ಪೇ’ ಎಲ್ಲಕ್ಕೂ ಒಪ್ಪುವ ಆಡುಮಾತು. ಸಾಲ ಕೊಟ್ಟವನನ್ನು ಶಾಂತಪಡಿಸುವುದೆಂಬುದು ಅದರ ಮೂಲಾರ್ಥ.

‘ಆನರೇರಿಯಂ’ ಎಂದರೆ ಗೌರವಧನ. ಕಚೇರಿ ನಡೆಸಿಕೊಟ್ಟ ವಿದ್ವಾಂಸರಿಗೆ ಫಲತಾಂಬೂಲದೊಡನೆ ಸಲ್ಲಿಸುವ ಸಂಭಾವನೆಯಂತೆ, ಅದು ಮನ್ನಣೆಯ ಕಾಣಿಕೆ, ದುಡಿಮೆಯ ಬೆಲೆಯಲ್ಲ. ಪದವೇನೋ ಮಧುರ. ಆದರೆ ದಿನದಿನವೂ ದುಡಿಯುವ ಅಂಗನವಾಡಿ ಕಾರ್ಯಕರ್ತೆಯರಿಗೆ ಸಲ್ಲುವ ಹಣಕ್ಕೂ ಸರ್ಕಾರ ಇಟ್ಟಿರುವ ಹೆಸರು ಇದೇ. ಗುಜರಾತಿನ ಕಾರ್ಯಕರ್ತೆಯರು ಗ್ರಾಚ್ಯುಟಿ ಕೇಳಿದಾಗ, ಗೌರವಧನವು ‘ವೇಜಸ್’ ಅಲ್ಲವೆಂಬ ವಾದವೇ ಅವರಿಗೆ ಅಡ್ಡಬಂದಿತು. 1972ರ ಗ್ರಾಚ್ಯುಟಿ ಕಾಯಿದೆಯ ಅರ್ಥದಲ್ಲಿ ಅದೂ ‘ವೇಜಸ್’ ಎಂದೇ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು.

ಕೊಡುವವರು ಯಾವ ಹೆಸರಿಟ್ಟು ಕೊಟ್ಟರೂ, ಪಡೆಯುವವರ ಮನೆಯಲ್ಲಿ ಅದು ಉಪ್ಪಿಗೂ ಅಕ್ಕಿಗೂ ಆಗಬೇಕಾದ ಹಣ.

ಮುಂದಿನ ವಾರ: ‘ಲೋನ್’ ಮತ್ತು ‘ಡೆಟ್’.