ಡಿಕ್ಸನ್: ಹಿಮಸಾಗರದ ಹೊಸ್ತಿಲು

ರಷ್ಯಾದ ಉತ್ತರ ತುದಿಯಲ್ಲಿ, ಯೆನಿಸೈ ನದಿ ಕಾರಾ ಸಮುದ್ರ ಸೇರುವಲ್ಲಿ ಡಿಕ್ಸನ್ ಬಂದರಿದೆ. ನೆಲೆಯ ಒಂದು ಭಾಗ ದ್ವೀಪದಲ್ಲಿ, ಇನ್ನೊಂದು ಎದುರಿನ ದಡದಲ್ಲಿ. ಚಳಿಗಾಲದಲ್ಲಿ ಎರಡು ತಿಂಗಳಿಗೂ ಮೀರಿ ಇಲ್ಲಿ ಸೂರ್ಯ ಮೂಡುವುದಿಲ್ಲ.

1875ರಲ್ಲಿ ಸಂಶೋಧಕ ನೂರ್ಡೆನ್‌ಶೋಲ್ಡ್ ತನ್ನ ಯಾನಕ್ಕೆ ಹಣ ಒದಗಿಸಿದ ಸ್ವೀಡನ್ನಿನ ವರ್ತಕ ಆಸ್ಕರ್ ಡಿಕ್ಸನ್ ಹೆಸರನ್ನು ಇದಕ್ಕೆ ಇಟ್ಟ. 1915ರಲ್ಲಿ ರೇಡಿಯೊ ಕೇಂದ್ರ ಬಂತು. ಸೋವಿಯತ್ ಕಾಲದಲ್ಲಿ ಯುರೋಪ್-ಏಷ್ಯಾಗಳನ್ನು ಬೆಸೆಯುವ ಉತ್ತರ ಸಮುದ್ರ ಮಾರ್ಗ ಬೆಳೆದಂತೆ, ಹವಾಮಾನ ಮತ್ತು ಮಂಜುಗಡ್ಡೆಯ ವಿವರವನ್ನು ಹಡಗುಗಳಿಗೆ ತಿಳಿಸುವ ಹೊಣೆ ಡಿಕ್ಸನ್ನಿನ ಮೇಲೆ ಬಿತ್ತು. 1942ರ ಆಗಸ್ಟ್‌ನಲ್ಲಿ ಜರ್ಮನಿಯ ಯುದ್ಧನೌಕೆ ‘ಅಡ್ಮಿರಲ್ ಶೇರ್’ ಈ ಬಂದರಿನ ಮೇಲೆ ಗುಂಡಿನ ಮಳೆಗರೆಯಿತು. ದಡದ ಫಿರಂಗಿಗಳು ಅದನ್ನು ಹಿಮ್ಮೆಟ್ಟಿಸಿದವು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ನೆರವು ಬತ್ತಿತು. ಸಾವಿರಾರು ಜನರಿದ್ದ ಊರಿನಲ್ಲಿ ಈಗ ಉಳಿದವರು ಕೆಲವು ನೂರು ಮಂದಿ. ಆದರೆ ಉತ್ತರ ಸಮುದ್ರ ಮಾರ್ಗ ಮತ್ತೆ ಗರಿಗೆದರಿದೆ. ಮಂಜು ಕರಗುತ್ತಿದೆ, ಯಮಾಲ್ ಪರ್ಯಾಯದ್ವೀಪದ ಅನಿಲ ಹಡಗೇರುತ್ತಿದೆ. 2023ರಲ್ಲಿ ಸಾಗಿದ ಸರಕು ಸುಮಾರು 3.6 ಕೋಟಿ ಟನ್.

ಈ ಏರಿಕೆಗೆ ತಕ್ಕ ಎಚ್ಚರವೂ ಬೇಕು. ಶೀತಜಲದಲ್ಲಿ ಚೆಲ್ಲಿದ ತೈಲ ಬೇಗ ವಿಘಟನೆಯಾಗದು, ರಕ್ಷಣಾ ತಂಡ ದೂರದಿಂದ ಬರಬೇಕು. ಆರ್ಕ್ಟಿಕ್‌ನಲ್ಲಿ ಭಾರೀ ಇಂಧನ ತೈಲದ ಮೇಲಿನ ನಿಷೇಧ 2024ರ ಜುಲೈನಿಂದ ಜಾರಿಯಲ್ಲಿದ್ದರೂ, 2029ರವರೆಗೆ ವಿನಾಯಿತಿಗೆ ಅವಕಾಶವಿದೆ. ಆ ಸಡಿಲಿಕೆ ಬೇಗ ಕೊನೆಯಾಗಬೇಕು. ಹಡಗುಗಳಿಂದ ಬರುವ ಲಾಭದಲ್ಲಿ ಡಿಕ್ಸನ್ನಿನಂಥ ನೆಲೆಗಳ ಆಸ್ಪತ್ರೆ, ಶಾಲೆ, ರಕ್ಷಣಾ ವ್ಯವಸ್ಥೆಗೂ ಪಾಲು ಸಿಗಬೇಕು.