ಬಡಗಿಗೂ ಒಟಿಪಿ ಬೇಕು

ಕೈದಿಗಳಿಗೆ ಕಂಪ್ಯೂಟರ್, ಮೊಬೈಲ್ ಬಳಕೆ ಕಲಿಸುವುದು ತೆರಿಗೆ ಹಣದ ಪೋಲು, ಮರಗೆಲಸ, ನೇಯ್ಗೆ ಕಲಿಸಿದರೆ ಸಾಕು ಎಂಬ ಲೇಖನ ಓದಿ ಸಿಟ್ಟೇ ಬಂತು. 2010ರಲ್ಲಿ ಜೀವಾವಧಿ ಶಿಕ್ಷೆಯಾಗಿ ಒಳಹೋದವನೊಬ್ಬ 2024ರಲ್ಲಿ ಬಿಡುಗಡೆಯಾದ ಎಂದಿಟ್ಟುಕೊಳ್ಳಿ. ಅವನು ಹೋದಾಗ ಆಧಾರ್ ಆಗಷ್ಟೇ ಶುರುವಾಗಿತ್ತು. ಯುಪಿಐ ಬಂದದ್ದು 2016ರಲ್ಲಿ. ಜೈಲಿನಲ್ಲಿ ಕಲಿತ ಕೈಯಿಂದ ಚೆಂದದ ಕುರ್ಚಿ ಮಾಡುತ್ತಾನೆ, ಸರಿ. ಕೊಳ್ಳಲು ಬಂದವರು ಮೊದಲು ಕೇಳುವುದೇ 'ಸ್ಕ್ಯಾನರ್ ಎಲ್ಲಿದೆ?' ಎಂದು. ಅದಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಸಾಮಾನ್ಯವಾಗಿ ಆಧಾರ್ ಕೇಳುತ್ತಾರೆ, ಆಧಾರ್‌ಗೆ ಜೋಡಿಸಿದ ನಂಬರಿಗೆ ಒಟಿಪಿ ಬರಬೇಕು. ಅವನ ಹಳೆಯ ಸಿಮ್ ಎಂದೋ ರದ್ದಾಗಿ, ಆ ನಂಬರ್ ಬೇರೆ ಯಾರದೋ ಪಾಲಾಗಿರುತ್ತದೆ.

'ಕಲಿಸಿದರೆ ಸೈಬರ್ ವಂಚನೆಗೆ ಇಳಿಯುತ್ತಾರೆ' ಎಂಬ ಆ ಲೇಖನದ ಮಾತಂತೂ ಅನ್ಯಾಯದ್ದು. ಒಟಿಪಿ ಎಂದರೇನೆಂದೇ ತಿಳಿಯದವನು ವಂಚಕರಿಗೆ ಸುಲಭದ ತುತ್ತಾಗುತ್ತಾನೆ. ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಕಂಪ್ಯೂಟರಿನಲ್ಲೂ ಅರ್ಜಿ ತುಂಬುವುದನ್ನು, ಟೈಪಿಂಗನ್ನು ಕಲಿಸಬಹುದು. ಲೇಖಕರು ಮರೆತ ಇನ್ನೊಂದು ಸಂಗತಿ: 2022ರ ರಾಷ್ಟ್ರೀಯ ಅಂಕಿಅಂಶದ ಪ್ರಕಾರ ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಶೇ 76ರಷ್ಟು ಮಂದಿ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಯೇ ಇಲ್ಲ. ಅವರಿಗೂ ಕಲಿಕೆ ಬೇಡವೆನ್ನಲು ನಮಗೇನು ಹಕ್ಕು?

ಬಿಡುಗಡೆಗೆ ಆರು ತಿಂಗಳಿರುವಾಗಲೇ ಜೈಲಿನೊಳಗೆ ಆಧಾರ್ ತಿದ್ದುಪಡಿ ಶಿಬಿರ ನಡೆಯಲಿ, ಬ್ಯಾಂಕ್ ಖಾತೆ ತೆರೆಯಲಿ, ಸ್ಮಾರ್ಟ್‌ಫೋನ್ ಕೈಗಿಟ್ಟು ಸಿಬ್ಬಂದಿಯ ಎದುರೇ ಹಣ ಕಳಿಸುವ ಅಭ್ಯಾಸ ಮಾಡಿಸಲಿ. ಮರಗೆಲಸದ ತರಗತಿಯೂ ಅದರ ಜೊತೆಗೇ ಇರಲಿ, ಯಾರೂ ಅದನ್ನು ನಿಲ್ಲಿಸಿ ಎಂದಿಲ್ಲ.