ತಾಯ್ತನದ ವೆಚ್ಚವನ್ನು ತೆರತಕ್ಕವರಾರು?

ದುಡಿಯುವ ತಾಯಿಗೆ ಹೆರಿಗೆಯ ಕಾಲದಲ್ಲಿ ಸಂಬಳಸಹಿತವಾದ ರಜೆ ದೊರೆಯತಕ್ಕದ್ದೆಂಬುದರಲ್ಲಿ ಎರಡು ಮಾತಿಲ್ಲ. 2017ರಲ್ಲಿ ಪಾರ್ಲಿಮೆಂಟು ಈ ರಜೆಯನ್ನು ಮೊದಲೆರಡು ಮಕ್ಕಳ ಮಟ್ಟಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿದುದು ಶ್ಲಾಘ್ಯವೇ ಸರಿ. ಆದರೆ ಈ ಧರ್ಮಕಾರ್ಯದ ವೆಚ್ಚವನ್ನು ತೆರುವವರಾರು? ನೌಕರರ ರಾಜ್ಯ ವಿಮೆಗೆ ಒಳಪಟ್ಟ ಸ್ತ್ರೀಯರಿಗೆ ವಿಮಾನಿಧಿಯು ಹಣ ಕೊಡುತ್ತದೆ. ಖಾಸಗಿ ಕೆಲಸದಲ್ಲಿರುವ ಉಳಿದವರ ಸಂಬಳವನ್ನು ಅವರವರ ಯಜಮಾನನೇ ಪೂರ್ತಿಯಾಗಿ ಕೊಡಬೇಕು. ಐವತ್ತು ಮಂದಿ ನೌಕರರಿದ್ದಲ್ಲಿ ಶಿಶುಪಾಲನಾಗೃಹದ ಹೊಣೆಯೂ ಅವನದೇ.

ಲಾಭನಷ್ಟಗಳನ್ನು ಎಣಿಸುವ ಯಜಮಾನನು ಏನು ಮಾಡಿಯಾನು? ಹೊಸದಾಗಿ ಮದುವೆಯಾದ ಹೆಣ್ಣುಮಗಳ ಅರ್ಜಿಯನ್ನು ಸದ್ದಿಲ್ಲದೆ ಬದಿಗಿಡುವ ಆಸೆ ಅವನಿಗೆ ಹುಟ್ಟದಿರದು. ಸೇರಿಸಿಕೊಂಡರೂ ಸಂಬಳದಲ್ಲಿ ಕೈ ಹಿಡಿದಾನು. ತಾಯಿಗೆಂದು ಕೊಟ್ಟ ವರವೇ ಹೀಗೆ ಅವಳ ಅನ್ನಕ್ಕೆ ಕುತ್ತಾಗಬಹುದು.

ಈ ಹಣವು ಸರ್ಕಾರದ ಬೊಕ್ಕಸದಿಂದಲೋ ವಿಮೆಯಿಂದಲೋ ಬರಬೇಕೆಂದು 1919ರಷ್ಟು ಹಿಂದೆಯೇ ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ನಿರ್ಣಯಿಸಿತ್ತು. ಆ ಮಾತನ್ನು ನಮ್ಮ ಶಾಸನಕರ್ತರು ಅರ್ಧ ಮಾತ್ರ ಕೇಳಿದರು. ತಂದೆಗಂತೂ 2017ರ ಶಾಸನವು ಒಂದು ದಿನದ ರಜೆಯನ್ನೂ ಕೊಡಲಿಲ್ಲ. ಶಿಶುಪಾಲನೆಯು ಹೆಂಗಸೊಬ್ಬಳ ಕೆಲಸವೆಂದೇ ಎಣಿಸಿತು.

ಇಂದಿನ ಶಿಶು ನಾಳೆಯ ಪ್ರಜೆ. ಅದರ ಪೋಷಣೆಯ ಭಾರವನ್ನು ಸಮಸ್ತ ಯಜಮಾನರೂ ಸರ್ಕಾರವೂ ಸೇರಿ ಒಂದೇ ನಿಧಿಯಿಂದ ಹೊರುವುದು ನ್ಯಾಯ. ಆಗ ಹೆಣ್ಣನ್ನು ಕೆಲಸಕ್ಕೆ ಸೇರಿಸಿಕೊಳ್ಳುವವನಿಗೆ ದಂಡ ತೆತ್ತಂತಾಗದು. ತಾಯಿಗೂ ಕೆಲಸ ತಪ್ಪದು.